ಟೇಪಣ್ಣ ನೀರಿನ ಅಳತೆ ತೆಗೆದದ್ದು

"ಪ್ಲಂಬರ್ ಯಾಕೆ ಬೇಕು? ಅಳತೆ ಬಲ್ಲವನಿಗೆ ಅಂಗಿಯೇನು, ನೀರೇನು!"

ಹೀಗೆ ಘೋಷಿಸಿದಾಗ ಟೇಪಣ್ಣನ ಕೊರಳಲ್ಲಿ ಅಳತೆಯ ಟೇಪು ಮಹಾರಾಜರ ಹಾರದಂತೆ ತೂಗುತ್ತಿತ್ತು. ಆ ಟೇಪಿನಿಂದಲೇ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಮೂವತ್ತು ವರ್ಷದಿಂದ ಹೊಲಿಗೆ ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ.

ಸಂಗತಿ ಇಷ್ಟೇ. ಮಹಡಿಯ ಕೋಣೆಯಲ್ಲಿ ಅವನ ಅತ್ತೆ, ಎಂದರೆ ಹೆಂಡತಿಯ ತಾಯಿ, ಇದ್ದರು. ಅಲ್ಲಿಯ ಬಚ್ಚಲಿನ ನಲ್ಲಿಗಳೆರಡೂ, ಷವರೂ ಹದಿನೈದು ದಿನದಿಂದ ಮುನಿಸಿಕೊಂಡಿದ್ದವು. ಒಂದು ಬಕೆಟ್ ತುಂಬುವಷ್ಟರಲ್ಲಿ ಅತ್ತೆ ಕೋಟಿನ ನಾಲ್ಕು ಕಾಜಾ ಹೊಲಿದು ಮುಗಿಸುತ್ತಿದ್ದರು. ಗುಂಡಿ ತೂರುವ ಆ ಕಿಂಡಿಯನ್ನು ಅವರಷ್ಟು ಅಂದವಾಗಿ ಕೈಯಲ್ಲಿ ಹೊಲಿಯುವವರು ಸುತ್ತಮುತ್ತ ಇನ್ನೊಬ್ಬರಿರಲಿಲ್ಲ.

ಆ ಬೆಳಿಗ್ಗೆ ಅವರು ಬಟ್ಟೆಯ ಚೀಲ ಕಟ್ಟಿ ಮೆಟ್ಟಿಲ ಬುಡದಲ್ಲಿ ತಂದಿಟ್ಟರು.

"ಸಂಜೆಯೊಳಗೆ ನನಗೆ ನೆಟ್ಟಗೆ ಒಂದು ಸ್ನಾನ ಆಗ್ಬೇಕು. ಇಲ್ಲಾಂದ್ರೆ ಮಗನ ಮನೆಗೆ ಹೊರಟೆ. ಅವನು ಪ್ಲಂಬರ್. ಅವನ ಮನೇಲಿ ನೀರು ಧುಮುಕುತ್ತೆ!"

ಟೇಪಣ್ಣ ಚೀಲಕ್ಕೆ ಅಡ್ಡ ನಿಂತ. ಬ್ಯಾಂಡಿನವರ ನಲವತ್ತು ಕೋಟುಗಳಿಗೆ ಕಾಜಾ ಬಾಕಿ ಇತ್ತು. ಅತ್ತೆ ಹೊರಟುಹೋದರೆ ನಲವತ್ತು ಜನ ಎದೆ ತೆರೆದುಕೊಂಡೇ ಕಹಳೆ ಊದಬೇಕು!

"ನನ್ನ ತಮ್ಮನಿಗೆ ಒಂದು ಫೋನ್ ಮಾಡ್ತೀನಿ," ಎಂದಳು ಹೆಂಡತಿ.

"ಅವನಿಗಾ? ಅವನ ಮದುವೆಗೆ ನಾನು ಹೊಲಿದ ಸೂಟು ಬಿಗಿ ಅಂದವನು! ಅವನ ಕೈಯಿಂದ ನೀರು ಬರೋದಾದ್ರೆ ನಾನು ಸ್ನಾನಾನೇ ಬಿಟ್ಟೆ."

"ನೀವು ಸ್ನಾನ ಬಿಡಿ. ಅಮ್ಮ ಮನೇನೇ ಬಿಡ್ತಾಳೆ."

ಟೇಪಣ್ಣ ಹಾರ್ಡ್‌ವೇರ್ ಅಂಗಡಿಗೆ ದಂಡಯಾತ್ರೆ ಹೊರಟ. ಅಂಗಡಿಯವನು ನೀರಿನ ಒತ್ತಡ ಅಳೆಯುವ, ಗಡಿಯಾರದಂಥ ಒಂದು ಗೇಜು ಕೊಟ್ಟು, "ಇದನ್ನ ನಲ್ಲಿ ಬಾಯಿಗೆ ತಿರುಗಿಸಿ ಕೂರಿಸಿ. ಮುಳ್ಳು ಮೂರರ ಹತ್ತಿರ ನಿಂತ್ರೆ ಮನೆಗೆ ಸಾಕು. ಐದು ದಾಟಿದ್ರೆ ಪೈಪಿಗೆ ಒಳ್ಳೇದಲ್ಲ. ಮೊದಲು ಎಲ್ಲಾ ನಲ್ಲಿ ಮುಚ್ಚಿ ನೋಡಿ, ಆಮೇಲೆ..." ಎನ್ನುತ್ತಿದ್ದ. ಆಮೇಲೆ ಏನು ಎಂದು ಕೇಳಲು ಟೇಪಣ್ಣ ಅಲ್ಲಿರಲಿಲ್ಲ. ಆಗಲೇ ಬೀದಿ ದಾಟಿದ್ದ.

"ಯಾರೂ ನಲ್ಲಿ ಮುಟ್ಟಕೂಡದು! ಪಾತ್ರೆ ತೊಳೆಯಕೂಡದು! ಫ್ಲಶ್ ಎಳೆಯಕೂಡದು! ಮನೆ ಅಳತೆಗೆ ನಿಂತಿದೆ!"

ಇಡೀ ಮನೆ ಉಸಿರು ಬಿಗಿಹಿಡಿಯಿತು. ಮಹಡಿಯ ಬಚ್ಚಲಿನ ಒಂದು ನಲ್ಲಿಗೆ ಗೇಜು ಕೂರಿಸಿ ತಿರುಪಿದ. ಮುಳ್ಳು ನಿಧಾನವಾಗಿ ಏರಿ ಸರಿಯಾಗಿ ಮೂರರ ಮೇಲೆ ನಿಂತಿತು.

"ಮೂರು! ಒಂದು ದಾರದೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ! ಅತ್ತೇ, ನಿಮ್ಮ ನೀರಿಗೆ ಏನೂ ಆಗಿಲ್ಲ!"

"ಹೌದಾ ಅಳಿಯಂದ್ರೇ? ಹಾಗಾದ್ರೆ ಆ ಮೂರನ್ನ ಈ ಬಕೆಟ್‌ಗೆ ಹಾಕಿ. ಬೆನ್ನಿಗೆ ಹುಯ್ಕೊಳ್ತೀನಿ."

ಗೇಜು ತೆಗೆದು ನಲ್ಲಿ ಬಿಟ್ಟರೆ ಅದೇ ದಾರದಂಥ ಧಾರೆ! ಟೇಪಣ್ಣ ಗಲ್ಲ ಕೆರೆದುಕೊಂಡ. ಮರುಕ್ಷಣವೇ ಅವನಿಗೆ ಜ್ಞಾನೋದಯವಾಯಿತು.

"ಮಾರ್ಜಿನ್! ಬೆಳೆಯೋ ಮಗುವಿನ ಅಂಗಿಗೆ ನಾಲ್ಕು ಬೆರಳು ಹೆಚ್ಚಿಗೆ ಬಿಡೋದಿಲ್ವಾ? ಮೆಟ್ಟಿಲು ಹತ್ತೋ ನೀರಿಗೂ ಬಿಡ್ಬೇಕು!"

ಬೀದಿಯ ನೀರಿನ ರಭಸ ತಗ್ಗಿಸಿ ಮನೆಯೊಳಗೆ ಬಿಡುವ ಹಿತ್ತಾಳೆಯ ಕವಾಟವೊಂದು ಗೇಟಿನ ಬಳಿ ಇತ್ತು. ಗೇಜನ್ನು ಮತ್ತೆ ಕೂರಿಸಿ, ಅದನ್ನು ನೋಡಿ ಕೂಗಲು ಹೆಂಡತಿಯನ್ನು ಮಹಡಿಯಲ್ಲಿ ನಿಲ್ಲಿಸಿ, ಟೇಪಣ್ಣ ಗೇಟಿಗೆ ಓಡಿ ಕವಾಟದ ನೆತ್ತಿಯ ತಿರುಪು ತಿರುಗಿಸಿದ.

"ನಾಲ್ಕು!" ಎಂದು ಕಿಟಕಿಯಿಂದ ಕೂಗು ಬಂತು. "ಐದು! ಸಾಕು ರೀ! ಆರು! ರೀ, ಸಾಕೂಂದ್ರೆ!"

ಫಟಾರ್!

ಅಡುಗೆಮನೆಯ ಸಿಂಕಿನ ಕೆಳಗಿನ ಮೆದು ಪೈಪು ಕಿತ್ತುಕೊಂಡು ಹಾವಿನಂತೆ ಹೆಡೆಯೆತ್ತಿ ಆಡತೊಡಗಿತು. ಟೇಪಣ್ಣ ಒಳಗೆ ನುಗ್ಗಿ ಅದನ್ನು ಅಪ್ಪಿ ಹಿಡಿದ. ಅದು ಅವನ ಮುಖ ತೊಳೆಯಿತು, ಕಿವಿ ತೊಳೆಯಿತು, ಗೋಡೆಯ ಕ್ಯಾಲೆಂಡರ್ ತೊಳೆಯಿತು! ಕೊರಳಿನ ಟೇಪು ಬಿಚ್ಚಿ ಪೈಪಿನ ಕತ್ತಿಗೆ ಬಿಗಿದ. ಟೇಪು ಹಾರಿ ಅನ್ನದ ಪಾತ್ರೆಗೆ ಬಿತ್ತು. ನೀರು ಮುಂದಿನ ಕೋಣೆಗೆ ಹರಿದು, ನೆಲದ ಮೇಲೆ ಕತ್ತರಿಸಿ ಹರಡಿದ್ದ, ಕೋಟಿನ ಒಳಮೈಯ ಕೆಂಪು ಅಸ್ತರಿನ ಬಣ್ಣವೆಲ್ಲ ಕುಡಿದು, ಹೊಸ್ತಿಲು ದಾಟಿ ಬೀದಿಗಿಳಿಯಿತು.

ಹೆಂಡತಿ ಮಹಡಿಯಿಂದ ಇಳಿದು, ಗೇಟಿಗೆ ಹೋಗಿ, ಬೀದಿಯ ನೀರನ್ನೇ ಬಂದ್ ಮಾಡಿದಳು. ಇನ್ನೊಂದು ಕೈಯಲ್ಲಿ ಫೋನಿತ್ತು.

ಕಾಲು ಗಂಟೆಯಲ್ಲಿ ತಮ್ಮ ಬಂದ. ಹೊಸ್ತಿಲಿನಿಂದ ಇಳಿಯುತ್ತಿದ್ದ ಕೆಂಪು ನೀರು ಕಂಡವನೇ ಬೆಚ್ಚಿಬಿದ್ದ.

"ಅಕ್ಕಾ! ಭಾವನಿಗೆ ಏನು ಮಾಡಿದೆ?"

"ಇನ್ನೂ ಏನೂ ಮಾಡಿಲ್ಲ. ಒಳಗೆ ಬಾ."

ಅವನು ಹೊಸ ಪೈಪು ಹಾಕಿ, ಬೀದಿಯ ನೀರು ಬಿಟ್ಟು, ಕವಾಟವನ್ನು ಮತ್ತೆ ಮೂರಕ್ಕೆ ಇಳಿಸಿದ. ಆಮೇಲೆ ಮಹಡಿಗೆ ಹೋಗಿ, ಗೇಜು ಒಂದು ನಲ್ಲಿಯಲ್ಲಿ ಇರುವಾಗಲೇ ಪಕ್ಕದ ನಲ್ಲಿ ಬಿಟ್ಟ. ಮೂರರಲ್ಲಿದ್ದ ಮುಳ್ಳು ಸೊನ್ನೆಯ ಹತ್ತಿರಕ್ಕೆ ಕುಸಿಯಿತು.

"ಭಾವ, ನೀವು ನೋಡಿದಾಗ ಯಾವುದಾದ್ರೂ ನಲ್ಲಿ ಬಿಟ್ಟಿದ್ರಾ?"

"ಛೆ ಛೆ! ಎಲ್ಲಾನೂ ಬಿಗಿಯಾಗಿ ಮುಚ್ಚಿಸಿದ್ದೆ!"

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಗಿರಾಕಿ ಹೊಟ್ಟೆ ಒಳಗೆಳ್ಕೊಂಡು ನಿಂತ್ರೆ 'ಉಸಿರು ಬಿಡಿ ಸ್ವಾಮಿ' ಅಂತೀರಲ್ಲ! ಮನೆಗೆ ಮಾತ್ರ ಉಸಿರು ಹಿಡಿಸಿ ಸೊಂಟ ಅಳೆದ್ರಾ?"

"ನಿಂತ ನೀರು ಮೂರೇ ತೋರ್ಸುತ್ತೆ," ಎಂದ ತಮ್ಮ. "ಓಡೋವಾಗ ಹೀಗೆ ಬಿತ್ತು ಅಂದ್ರೆ ದಾರೀಲಿ ಯಾರೋ ಪೈಪಿನ ಕತ್ತು ಹಿಸುಕಿದ್ದಾರೆ. ಯಾವತ್ತಿಂದ ಹೀಗೆ?"

"ಬ್ಯಾಂಡಿನ ಕೋಟು ಬಂದಾಗಿನಿಂದ," ಎಂದರು ಅತ್ತೆ.

ತಮ್ಮ ಪೈಪಿನ ಜಾಡು ಹಿಡಿದು ಕೆಳಗಿಳಿದ. ಮೆಟ್ಟಿಲ ಅಡಿಯಲ್ಲಿ ಪೈಪು ಕಾಣಲಿಲ್ಲ. ಕಂಡದ್ದು ಹ್ಯಾಂಗರುಗಳಲ್ಲಿ ನೇತಾಡುತ್ತಿದ್ದ ಹನ್ನೊಂದು ಕೋಟು. ಒಂದೊಂದಾಗಿ ತೆಗೆದ. ಕೊನೆಯ ಕೋಟಿನ ಹಿಂದೆ, ಮಹಡಿಯ ನೀರಿನ ಕವಾಟದ ಉದ್ದನೆಯ ಹಿಡಿ ಇತ್ತು. ಹಿಡಿ ಪೈಪಿನ ಉದ್ದಕ್ಕೆ ನಿಂತರೆ ನೀರಿಗೆ ದಾರಿ, ಅಡ್ಡ ತಿರುಗಿದರೆ ಬಂದ್. ಉದ್ದಕ್ಕೆ ನಿಂತರೆ ಹ್ಯಾಂಗರ್ ನಿಲ್ಲುವುದಿಲ್ಲವಲ್ಲ! ಟೇಪಣ್ಣ ಅದನ್ನು ಅರ್ಧ ತಿರುಗಿಸಿ ಗೂಟ ಮಾಡಿಕೊಂಡಿದ್ದ. ಉಳಿದರ್ಧವನ್ನು ಕೋಟುಗಳು ತಮ್ಮ ಭಾರದಿಂದಲೇ ಬಹುಪಾಲು ತಿರುಗಿಸಿ, ನೀರಿಗೆ ದಾರದೆಳೆಯಷ್ಟು ದಾರಿ ಮಾತ್ರ ಉಳಿಸಿದ್ದವು.

"ಎಷ್ಟು ಒಳ್ಳೇ ಗೂಟ ಅಂದ್ಕೊಂಡಿದ್ದೆ," ಎಂದ ಟೇಪಣ್ಣ, ಗೋಡೆಯ ಕಡೆ ನೋಡುತ್ತ.

ತಮ್ಮ ಹಿಡಿಯನ್ನು ನೆಟ್ಟಗೆ ಮಾಡಿದ. ಅತ್ತೆ ಟವೆಲ್ ಹೆಗಲಿಗೆ ಹಾಕಿಕೊಂಡು ಮೇಲೆ ಹೋದರು. ಮೂವರೂ ಕೆಳಗೆ ಚೀಲವನ್ನೇ ನೋಡುತ್ತ ನಿಂತರು. ಧೋ ಎಂದು ಷವರಿನ ಸದ್ದು ಕೇಳಿತು. ಹಿಂದೆಯೇ ಒಂದು ಚೀರಾಟ.

"ಅಯ್ಯಯ್ಯೋ, ಬೆನ್ನು ಚುಚ್ಚುತ್ತೆ! ಇದೇನು ಸ್ನಾನಾನಾ, ಹೊಡೆತಾನಾ? ಸ್ವಲ್ಪ ಕಮ್ಮಿ ಮಾಡ್ರೋ, ಇಲ್ಲಾಂದ್ರೆ ನಾನು ಹೊರಟೆ!"

ಟೇಪಣ್ಣ ಗೇಟಿನ ತಿರುಪಿನ ಕಡೆ ಜಿಗಿದ. ಹೆಂಡತಿ ಅವನ ಕಾಲರ್ ಹಿಡಿದೆಳೆದಳು.

"ಅದನ್ನ ಮುಟ್ಟಿದ್ರೆ ನೋಡಿ! ಒಂದು ಪ್ಯಾಂಟು ತಗುಲಿಹಾಕಿ, ಸಾಕು!"

ಟೇಪಣ್ಣ ಬ್ಯಾಂಡಿನ ಒಂದು ಪ್ಯಾಂಟನ್ನು ಹಿಡಿಗೆ ತಗುಲಿಸಿದ. ಹಿಡಿ ಕೊಂಚ ವಾಲಿತು. ಮೇಲಿನ ಸದ್ದು ಹದವಾಯಿತು.

"ಹಾಂ, ಈಗ ಸರಿಹೋಯ್ತು! ಮಗಳೇ, ನನ್ನ ಚೀಲ ಮೇಲೆ ತಗೊಂಡು ಬಾ," ಎಂದು ಅತ್ತೆಯ ದನಿ ತೇಲಿ ಬಂತು. "ಅಳಿಯಂದ್ರೇ, ಇಷ್ಟು ವರ್ಷದಲ್ಲಿ ನೀವು ಹೊಲಿದದ್ದರಲ್ಲಿ ಅಳತೆ ಸರಿಯಾಗಿ ಕೂತಿದ್ದು ಇದೊಂದೇ ಪ್ಯಾಂಟು!"