ಒಂದು ಕೆಲಸಕ್ಕೆ ಒಂದು ಹುಲ್ಲು

ಕಜ್ಜಾಯಕ್ಕೆ ನೆನೆಸಿದ ಅಕ್ಕಿಯನ್ನು ಬಸಿದು ಬಟ್ಟೆಯ ಮೇಲೆ ಹರವುವುದು. ರಾತ್ರಿ ಯಾರೂ ಮಡಿಸದೆ ಕುರ್ಚಿಯ ಮೇಲೆ ಬಿಟ್ಟ ಬಟ್ಟೆಗಳನ್ನು ಮಡಿಸುವುದು. ಹಾಲು ಒಳಗೆ ತರುವುದು, ಕಾಯಿಸುವುದು, ಉಕ್ಕದಂತೆ ಕಾಯುವುದು (ಇದು ಒಂದಲ್ಲ, ಮೂರು). ನೆಲದ ಸಂಪ್‌ಗೆ ನೀರು ಬಂದಿದೆಯೇ ಎಂದು ಬಗ್ಗಿ ನೋಡುವುದು, ಬಂದಿದ್ದರೆ ಮೋಟರು ಹಾಕುವುದು, ಹಾಕಿದ್ದನ್ನು ಮರೆಯದೆ ಆರಿಸುವುದು (ಇದೂ ಮೂರು). ಬಾಗಿಲಿಗೆ ತೂಗುಹಾಕಿದ ನಕ್ಷತ್ರದ ದೀಪ ಆರಿಸುವುದು. ಗಂಡನ ಬಿಳಿ ಅಂಗಿಯ ಕಾಲರ್ ಉಜ್ಜಿ ನೆನೆಹಾಕುವುದು. ಕಲ್‌ಕಲ್ ಎಂಬ ಹಬ್ಬದ ತಿಂಡಿಯ ಹಿಟ್ಟಿನ ಮೇಲೆ ಗೀರು ಮೂಡಿಸಲೆಂದು ತಂದ ಹೊಸ ಬಾಚಣಿಗೆಯನ್ನು, ಯಾರಾದರೂ ತಲೆಗೆ ಹಾಕಿಕೊಳ್ಳುವ ಮುಂಚೆ, ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಡುವುದು.

ಬಸವೇಶ್ವರನಗರದಲ್ಲಿ ಒಂದು ಕಾಗೆಯೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಸಹಾಯಮೇರಿ ಇದನ್ನೆಲ್ಲ ಮುಗಿಸಿ, ಹಾಲ್‌ನ ಮೂಲೆಯಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ್ದ ಕ್ರಿಸ್ಮಸ್ ಗೋದಲಿಯ ಮುಂದೆ ಮಂಡಿಯೂರಿ ಕುಳಿತು, ಹನ್ನೊಂದು ಹುಲ್ಲುಕಡ್ಡಿಗಳಿಗೆ ಕೆಂಪು ದಾರ ಕಟ್ಟಿ, ಬಾಲಯೇಸುವಿನ ಖಾಲಿ ತೊಟ್ಟಿಲಿಗೆ ಹಾಕಿದಳು. ಹೊರಗಿನಿಂದ ನೋಡಿದವರಿಗೆ ಪ್ರಾರ್ಥನೆಯಂತೆ ಕಾಣುತ್ತಿತ್ತು. ಪ್ರಾರ್ಥನೆಯೂ ಹೌದು. ಆದರೆ ಅದರೊಳಗೆ ಸ್ವಲ್ಪ ದೂರೂ ಇತ್ತು.

ದೂರಿನ ಮೂಲ ಹಿಂದಿನ ವರ್ಷದ ಕ್ರಿಸ್ಮಸ್ಸಿನಲ್ಲಿತ್ತು. ಚರ್ಚಿನವರು ಪ್ರತಿವರ್ಷ ಮನೆಮನೆಯ ಗೋದಲಿಗೆ ಸ್ಪರ್ಧೆ ಇಡುತ್ತಾರೆ. ಸತತ ಮೂರು ವರ್ಷ ಮೊದಲ ಬಹುಮಾನ ಬಂದದ್ದು 'ಶ್ರೀ ಇನ್ನಾಸಪ್ಪನವರ ಗೋದಲಿ'ಗೆ. ಇನ್ನಾಸಪ್ಪನವರು ಸಹಾಯಮೇರಿಯ ಪತಿ. ನಿವೃತ್ತರಾದ ಮೇಲೆ ಕಲಾವಿದರಾದವರು. ಅವರ ಕಲೆ ನಡೆಯುವುದು ಬೆತ್ತದ ಕುರ್ಚಿಯ ಮೇಲಿಂದ. "ಆ ಒಂಟೆ ಸ್ವಲ್ಪ ಎಡಕ್ಕೆ. ಇನ್ನೂ ಎಡಕ್ಕೆ. ನಿನ್ನ ಎಡ ಅಲ್ಲ ಕಣೇ, ಒಂಟೆ ಎಡ." ಬೆಟ್ಟಕ್ಕೆ ಕಾಗದ ಮುದುಡಿ ಬಣ್ಣ ಬಳಿಯುವವಳು, ರಾಗಿ ಬಿತ್ತಿ ಹುಲ್ಲುಗಾವಲು ಬೆಳೆಸುವವಳು, ಹಬ್ಬ ಮುಗಿದ ಮೇಲೆ ಕುರಿಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಅಟ್ಟಕ್ಕೇರಿಸುವವಳು ಸಹಾಯಮೇರಿ. ಹೋದ ವರ್ಷ ವೇದಿಕೆಯಲ್ಲಿ ಮೈಕು ಹಿಡಿದ ಇನ್ನಾಸಪ್ಪನವರು, "ಇದು ನನ್ನೊಬ್ಬನ ಶ್ರಮ ಅಲ್ಲ" ಎಂದಾಗ ಅವಳು ಮೂರನೇ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲಲು ಸಿದ್ಧಳಾಗಿದ್ದಳು. ಅವರು ಕಣ್ಣು ಮೇಲೆತ್ತಿ, "ಬಾಲಯೇಸುವಿನ ಕೃಪೆ" ಎಂದು ಮುಗಿಸಿದರು. ಅವಳು ಸೆರಗನ್ನು ಇನ್ನೊಮ್ಮೆ ಸರಿಮಾಡಿಕೊಂಡು ಕೂತಳು.

ಬಹುಮಾನವೂ ಎಂಥದ್ದು! ಮೊದಲ ವರ್ಷ ಕುಕ್ಕರು, ಎರಡನೇ ವರ್ಷ ಸ್ಟೀಲಿನ ಡಬ್ಬಿಗಳು, ಮೂರನೇ ವರ್ಷ ಹಾಟ್‌ಪ್ಯಾಕು. ಚಪ್ಪಾಳೆ ಅವರಿಗೆ, ತೊಳೆಯುವುದು ಇವಳಿಗೆ.

ಈ ವರ್ಷ ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ, ಆಗಮನಕಾಲದ ಮೊದಲ ಭಾನುವಾರ, ಇನ್ನಾಸಪ್ಪನವರು ಆನ್‌ಲೈನಿನಲ್ಲಿ ತರಿಸಿದ ಒಂದು ಸುರುಳಿಯನ್ನು ಹಾಲ್‌ನಲ್ಲಿ ಬಿಚ್ಚಿದರು. ಹಸಿರು ಪ್ಲಾಸ್ಟಿಕ್ಕಿನ ಹುಲ್ಲುಹಾಸು.

"ಈ ಸಲ ರಾಗಿ ಗೀಗಿ ಬೇಡ ಮೇರಿ. ಇರುವೆ ಬರುತ್ತೆ, ವಾಸನೆ ಬರುತ್ತೆ. ನಿನ್ನ ಕೆಲಸ ಒಂದು ಕಡಿಮೆ ಮಾಡಿದೀನಿ ನೋಡು."

"ಐವತ್ತು ಕೆಲಸದಲ್ಲಿ ನಾನು ಇಷ್ಟಪಟ್ಟು ಮಾಡೋದು ಅದೊಂದೇ ರೀ. ಅದನ್ನೇ ಹುಡುಕಿ ತೆಗೆದ್ರಲ್ಲ!"

ರಾಗಿ ಅವಳ ಪಾಲಿಗೆ ಬರೀ ಪೈರಾಗಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಮಾರೇನಹಳ್ಳಿಯ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ಎರಡು ಮನೆ ಮಾತ್ರ ಕ್ರೈಸ್ತರದ್ದು. ಡಿಸೆಂಬರ್ ಅರ್ಧಕ್ಕೆ ಬಂತೆಂದರೆ ಅವಳ ಅಮ್ಮ ಲೂರ್ದಮ್ಮ ಒಂದು ಅಗಲ ಅಲ್ಯುಮಿನಿಯಂ ತಟ್ಟೆ ಹಿಡಿದು ಉಳಿದ ಏಳೂ ಬಾಗಿಲಿಗೆ ಹೋಗುತ್ತಿದ್ದಳು. ಪ್ರತಿ ಮನೆಯಿಂದಲೂ ಒಂದು ಹಿಡಿ ರಾಗಿ. ಕೇಳುವುದಕ್ಕೂ ಕೊಡುವುದಕ್ಕೂ ಯಾರಿಗೂ ಸಂಕೋಚವಿರಲಿಲ್ಲ. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ದಿನಕ್ಕೆರಡು ಸಲ ಇಣುಕಿ, "ಲೂರ್ದಮ್ಮಾ, ನಮ್ಮನೆ ರಾಗಿ ಮೊಳೀತಾ?" ಎಂದು ಕೇಳುತ್ತಿದ್ದರು. ಮೊಳೆತದ್ದು ಯಾರ ಮನೆಯದ್ದೆಂದು ಯಾರಿಗೆ ಗೊತ್ತು? "ನಿಮ್ದೇ ಮೊದಲು" ಎಂದು ಅಮ್ಮ ಏಳೂ ಮನೆಯವರಿಗೆ ಹೇಳುತ್ತಿದ್ದಳು. ಮಂಚದ ಕೆಳಗಿನ ಕತ್ತಲಲ್ಲಿ ಆ ಎಳೆಯ ಪೈರು ಹಳದಿಯಾಗಿ ಎದ್ದು, ಬಿಸಿಲಿಗಿಟ್ಟ ಎರಡು ದಿನಕ್ಕೆ ಹಸಿರಾಗುತ್ತಿತ್ತು. ಒದ್ದೆ ಮಣ್ಣಿನ ಆ ವಾಸನೆಯೇ ಸಹಾಯಮೇರಿಗೆ ಇವತ್ತಿಗೂ ಕ್ರಿಸ್ಮಸ್ಸಿನ ವಾಸನೆ.

ಅಮ್ಮನದು ಇನ್ನೊಂದು ಪದ್ಧತಿಯಿತ್ತು. ಮಕ್ಕಳು ಒಂದು ಒಳ್ಳೆಯ ಕೆಲಸ ಮಾಡಿದರೆ ಗೋದಲಿಯ ಖಾಲಿ ತೊಟ್ಟಿಲಿಗೆ ಒಂದು ಹುಲ್ಲುಕಡ್ಡಿ ಹಾಕಬಹುದು. ನೀರು ತಂದರೆ ಒಂದು, ತಮ್ಮನನ್ನು ಹೊಡೆಯದಿದ್ದರೆ ಒಂದು. "ನೀವು ಹಾಕಿದಷ್ಟೇ ಮೆತ್ತಗೆ ಅವನ ಹಾಸಿಗೆ" ಎನ್ನುತ್ತಿದ್ದಳು. ಹುಲ್ಲಿಗಾಗಿ ಮಕ್ಕಳು ಪಾತ್ರೆ ತೊಳೆಯಲು ಜಗಳವಾಡುತ್ತಿದ್ದ ಆ ಕಾಲವನ್ನು ನೆನೆದಾಗಲೇ ಸಹಾಯಮೇರಿಗೆ ಆ ಮಹಾ ಉಪಾಯ ಹೊಳೆದದ್ದು.

ಹೆಗ್ಗನಹಳ್ಳಿಯಲ್ಲಿ ಹಸು ಕಟ್ಟಿಕೊಂಡಿರುವ ತಮ್ಮಣ್ಣನಿಂದ ಒಂದು ಹೊರೆ ಹುಲ್ಲು ತರಿಸಿದಳು. ಹೊಲಿಗೆ ಡಬ್ಬಿಯಿಂದ ಮೂರು ದಾರ ತೆಗೆದಳು. ರಾತ್ರಿ ಊಟದ ಹೊತ್ತಿಗೆ ಸಾಮ್ರಾಜ್ಞಿಯಂತೆ ಶಾಸನ ಹೊರಡಿಸಿದಳು: ಮನೆಕೆಲಸ ಯಾರು ಮಾಡಿದರೂ ಒಂದು ಕೆಲಸಕ್ಕೆ ಒಂದು ಹುಲ್ಲು. ಇನ್ನಾಸಪ್ಪನವರದು ನೀಲಿ ದಾರ, ಮಗಳು ನಿಖಿತಾಳದು ಹಳದಿ, ತನ್ನದು ಕೆಂಪು. ಇಪ್ಪತ್ನಾಲ್ಕನೇ ತಾರೀಖು ತೊಟ್ಟಿಲೇ ಸಾಕ್ಷಿ ಹೇಳಲಿ.

ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವ ನಿಖಿತಾ, "ಸೂಪರ್ ಅಮ್ಮಾ, ಇದೊಂಥರಾ ಡೇಟಾ" ಎಂದಳು. ಇನ್ನಾಸಪ್ಪನವರು, "ನಾನೇನು ಹೆದರ್ತೀನಾ?" ಎಂದರು.

ಹೆದರಲಿಲ್ಲ. ಕೆಲಸವನ್ನೂ ಮಾಡಲಿಲ್ಲ. ಮೊದಲ ವಾರ ಒಂದು ದಿನ ಕಸದ ಗಾಡಿಗೆ ಬಕೆಟ್ ಕೊಟ್ಟು ಬಂದು ಒಂದು ನೀಲಿ ಹಾಕಿದರು. ಅದನ್ನು ಹಾಕುವಾಗ ಕೆಮ್ಮಿ ಎಲ್ಲರನ್ನೂ ಕರೆದರು. ಎರಡನೇ ವಾರ ಅವಳು ನೆಲ ಒರೆಸುತ್ತಿದ್ದಾಗ ಇನ್ನೊಂದು ನೀಲಿಗೆ ಕೈಹಾಕಿದರು.

"ಅದ್ಯಾವ ಕೆಲಸಕ್ಕೆ ರೀ?"

"ನೀನು ಒರೆಸೋವಾಗ ಕಾಲೆತ್ತಿದ್ನಲ್ಲ!"

"ಡ್ಯಾಡಿ, ಅದಕ್ಕೆಲ್ಲ ಹುಲ್ಲಿಲ್ಲ" ಎಂದಳು ನಿಖಿತಾ.

"ಎರಡೂ ಕಾಲೆತ್ತಿದೀನಿ ಕಣಮ್ಮಾ" ಎಂದು ಅವರು ಅದನ್ನು ಹಾಕಿಯೇಬಿಟ್ಟರು.

ನಿಖಿತಾಳ ಹಳದಿ, ಡ್ಯೂಟಿಯಿಲ್ಲದ ದಿನ ನಾಲ್ಕೋ ಐದೋ. ಕೆಂಪು ದಾರದ ಕಥೆ ಬೇರೆ. ದಿನಕ್ಕೆ ನಲವತ್ತು, ಕರ್ಜಿಕಾಯಿ ಮಾಡಿದ ದಿನ ಐವತ್ತೆಂಟು. ದಾರ ಕಟ್ಟುವುದೂ ಒಂದು ಕೆಲಸವಲ್ಲವೇ ಎಂದು ಅವಳಿಗೆ ಮೂರನೇ ದಿನ ಹೊಳೆದು, ಅದಕ್ಕೊಂದು ಹುಲ್ಲು ಹಾಕಿ, ಆ ಹುಲ್ಲಿಗೂ ದಾರ ಕಟ್ಟಬೇಕಾಗಿ ಬಂದಾಗ, ಮಗಳು ಅವಳನ್ನು ಕೈಹಿಡಿದು ಎಬ್ಬಿಸಬೇಕಾಯಿತು. ಬೆಂಕಿಪೊಟ್ಟಣದಷ್ಟಿದ್ದ ತೊಟ್ಟಿಲು ಮೊದಲ ದಿನವೇ ತುಂಬಿತ್ತು. ಹುಲ್ಲು ಕೊಟ್ಟಿಗೆಗೆ ಹರಿಯಿತು, ಪ್ಲಾಸ್ಟಿಕ್ ಹುಲ್ಲುಹಾಸನ್ನು ಮುಚ್ಚಿತು, ಕುರಿಗಳು ಮಾಯವಾದವು, ಒಂಟೆ ಕುತ್ತಿಗೆಯವರೆಗೆ ಮುಳುಗಿತು. ಮೂವರು ರಾಜರಲ್ಲಿ ಒಬ್ಬನ ಕಿರೀಟ ಮಾತ್ರ ಕಾಣುತ್ತಿತ್ತು.

ಮಹಡಿಯ ಬಾಡಿಗೆ ಮನೆಯ ಜಗದಾಂಬಾ, ದಾವಣಗೆರೆ ಕಡೆಯವರು, ಮೊಸರಿಗೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ನಿಂತರು.

"ಅಲ್ರೀ ಅಕ್ಕಾರ, ಇಷ್ಟ್ ಹುಲ್ಲು ಎದಕ್ರೀ? ಆಕಳಾ ಕಟ್ಟೀರೇನು?"

ಸಹಾಯಮೇರಿ ಎಲ್ಲವನ್ನೂ ಹೇಳಿದಳು: ಕೆಂಪು, ನೀಲಿ, ವಠಾರ, ಎಂಟು ಮನೆಯ ರಾಗಿ. ಜಗದಾಂಬಾ ಸೊಂಟದ ಮೇಲೆ ಕೈಯಿಟ್ಟು ಹುಲ್ಲನ್ನೇ ನೋಡಿದರು. "ನಮ್ಮನ್ಯಾಗ ಹಿಂಗ ಮಾಡಿದ್ರ ನಾವು ಮನಿ ಬಿಟ್ಟು ಹೊರಗ ಇರಬೇಕಾಗತೈತಿ, ಹುಲ್ಲು ಒಳಗಿರತೈತಿ" ಎಂದರು.

ಇಪ್ಪತ್ನಾಲ್ಕರ ಮಧ್ಯಾಹ್ನ ತೀರ್ಪುಗಾರರು ಹೊರಟ ಸುದ್ದಿ ಬಂದಾಗ ಇನ್ನಾಸಪ್ಪನವರು ಬೆತ್ತದ ಕುರ್ಚಿಯಲ್ಲೇ ನೆಟ್ಟಗೆ ಕೂತರು.

"ಮೇರಿ, ಈ ಹುಲ್ಲಿನ ಕಣ ಎಲ್ಲ ತೆಗೆದುಬಿಡು. ನನ್ನ ಮಾನದ ಪ್ರಶ್ನೆ."

"ಒಂದು ಕಡ್ಡಿ ಮುಟ್ಟಿದ್ರೆ ನಾಳೆ ಬಿರಿಯಾನಿ ನೀವೇ ಮಾಡ್ಬೇಕು."

ಇನ್ನಾಸಪ್ಪನವರು ಮುಟ್ಟಲಿಲ್ಲ. ಸಹಾಯಮೇರಿ ಒಗೆದ ಸೀರೆಯುಟ್ಟು, ಇಪ್ಪತ್ತನಾಲ್ಕು ದಿನ ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿದ ಭಾಷಣವನ್ನು ಮತ್ತೊಮ್ಮೆ ಹೇಳಿಕೊಂಡಳು. 'ಸಿಸ್ಟರ್, ಕೆಂಪು ದಾರ ಇರೋದೆಲ್ಲ ನಂದು.' ಇಷ್ಟೇ ವಾಕ್ಯ. ಇದನ್ನು ಚರ್ಚಿನ ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ ಅವಳಿಗೆ ಸಾಕಿತ್ತು. ಬಹುಮಾನ ಬೇರೆ ಯಾರಿಗಾದರೂ ಹೋಗಲಿ.

ಚೌರಪ್ಪ ಮೇಷ್ಟ್ರು, ಕಾನ್ವೆಂಟಿನ ಒಬ್ಬರು ಸಿಸ್ಟರ್, ಜೊತೆಗೆ ಇಬ್ಬರು ಯುವಕ ಸಂಘದವರು ಒಳಗೆ ಬಂದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಏನಿದು ಇನ್ನಾಸಪ್ಪನವರೇ? ಗೋದಲಿ ಎಲ್ಲಿ?" ಎಂದರು.

ಸಹಾಯಮೇರಿ ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದಳು. "ಸಿಸ್ಟರ್—"

ಅಡುಗೆಮನೆಯಿಂದ ಕಜ್ಜಾಯದ ಎಣ್ಣೆ ಹೊತ್ತಿದ ವಾಸನೆ ಬಂತು.

ಒಲೆ ಆರಿಸಲು ಓಡಬೇಡ ಎಂದು ಅವಳ ಮನಸ್ಸು ಹೇಳಿತು. ಕಾಲು ಕೇಳಲಿಲ್ಲ, ಮೂವತ್ತು ವರ್ಷದಿಂದ ಮನಸ್ಸನ್ನು ಕೇಳದೆ ಓಡಿ ಅಭ್ಯಾಸವಾದ ಕಾಲು. ಒಲೆ ಆರಿಸಿ, ಕರಿಯಾದದ್ದನ್ನು ಎತ್ತಿಟ್ಟು, ಚೆನ್ನಾಗಿರುವುದನ್ನು ತಟ್ಟೆಗೆ ಜೋಡಿಸಿಕೊಂಡು (ಬರಿಗೈಯಲ್ಲಿ ಹೊರಗೆ ಹೋಗಲು ಬರಬೇಕಲ್ಲ) ಅವಳು ಬರುವಷ್ಟರಲ್ಲಿ ಇನ್ನಾಸಪ್ಪನವರು ಬೆತ್ತದ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು.

"ಕಾನ್ಸೆಪ್ಟು ಸಾರ್. ಹೆಸರು 'ಕಾಣದ ದುಡಿಮೆ'. ಒಂದೊಂದು ಹುಲ್ಲು ಒಂದೊಂದು ಕೆಲಸ."

"ಈ ಕೆಂಪು?"

"ತ್ಯಾಗ ಸಾರ್."

"ಈ ನೀಲಿ ಎರಡೇ ಇದೆಯಲ್ಲ?"

"ಅದು ಸ್ವರ್ಗದ್ದು. ಅಪರೂಪಕ್ಕೆ ಸಿಗೋದು."

ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತ ಸಹಾಯಮೇರಿಯ ಕಡೆ ತಿರುಗಿದರು. "ಮನೆಯ ಹೆಣ್ಣುಮಕ್ಕಳ ಕಷ್ಟ ಇಷ್ಟು ಅರ್ಥಮಾಡಿಕೊಂಡ ಗಂಡಸನ್ನ ನಾನು ನೋಡಿಲ್ಲಮ್ಮ. ಪುಣ್ಯ ಮಾಡಿದ್ದೀರ."

ಈಗ ಹೇಳಬೇಕಿತ್ತು. ಭಾಷಣ ನಾಲಗೆಯ ತುದಿಯವರೆಗೂ ಬಂದಿತ್ತು. ಬಾಯಿಂದ ಹೊರಟದ್ದು ಮಾತ್ರ, "ಕಜ್ಜಾಯ ತಗೊಳ್ಳಿ ಸಿಸ್ಟರ್, ಬಿಸಿಯಾಗಿದೆ."

ಆ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಬಾಲಯೇಸುವನ್ನು ಆ ಹುಲ್ಲಿನ ರಾಶಿಯ ತುದಿಯಲ್ಲಿ ಮಲಗಿಸಲು ಇನ್ನಾಸಪ್ಪನವರು ಸ್ಟೂಲು ಹತ್ತಬೇಕಾಯಿತು. ಬೆಳಿಗ್ಗೆ ಚರ್ಚಿನಲ್ಲಿ ಫಲಿತಾಂಶ. ಮೊದಲ ಬಹುಮಾನ ಯಾರಿಗೆಂದು ಹೇಳುವ ಅಗತ್ಯವಿಲ್ಲ. ಇನ್ನಾಸಪ್ಪನವರು ಮೈಕು ಹಿಡಿದು, "ಇದು ನನ್ನೊಬ್ಬನ ಶ್ರಮ ಅಲ್ಲ" ಎಂದರು. ಸೆರಗಿಗೆ ಕೈಹಾಕಬಾರದೆಂದು ಸಹಾಯಮೇರಿ ಶಪಥ ಮಾಡಿದ್ದಳು. ಕೈ ಅದರಷ್ಟಕ್ಕೇ ಹೋಯಿತು. "ನಮ್ಮ ಮನೆಯವರೂ ಸ್ವಲ್ಪ ಸಹಕರಿಸಿದ್ದಾರೆ."

"ಸ್ವಲ್ಪ!" ಎಂದು ನಿಖಿತಾ ಪಕ್ಕದಲ್ಲಿ ಹಲ್ಲು ಕಡಿದಳು. "ಅಮ್ಮಾ, ಎದ್ದು ಹೇಳಮ್ಮಾ."

"ಸುಮ್ನಿರೇ, ಹಬ್ಬ" ಎಂದಳು ಸಹಾಯಮೇರಿ. ವೇದಿಕೆಯ ಮೇಲೆ ಮೂವತ್ತಾರು ಇಡ್ಲಿಯ ದೊಡ್ಡ ಸ್ಟೀಲ್ ಇಡ್ಲಿಪಾತ್ರೆ ಥಳಥಳಿಸುತ್ತಿತ್ತು.

ಬಿರಿಯಾನಿ ಊಟವಾಯಿತು. ಇನ್ನಾಸಪ್ಪನವರು ಕೈ ಒರೆಸುತ್ತ, "ನಾಳೆ ನಮ್ಮಕ್ಕನ ಮನೆಯೋರು ಹದಿನಾಲ್ಕು ಜನ ತಿಂಡಿಗೆ ಬರ್ತಾರೆ. ಇದರಲ್ಲೇ ಇಡ್ಲಿ ಮಾಡಿಬಿಡೋಣ, ಉದ್ಘಾಟನೆ ಆದಂಗಾಗುತ್ತೆ" ಎಂದು ಹೇಳಿ ಮಲಗಿದರು. ಅವರ 'ಮಾಡೋಣ'ದಲ್ಲಿ ಎಷ್ಟು ಜನರಿದ್ದಾರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಖಿತಾ ಡ್ಯೂಟಿಗೆ ಹೋದಳು.

ಸಹಾಯಮೇರಿ ಅಕ್ಕಿ, ಉದ್ದು ಅಳೆದು ಇಟ್ಟುಕೊಂಡಾಗ ಹಿಂಬಾಗಿಲಲ್ಲಿ ಜಗದಾಂಬಾ ನಿಂತಿದ್ದರು. ಬೆಳಿಗ್ಗೆ ಕಜ್ಜಾಯ ಕಳಿಸಿದ್ದ ತಟ್ಟೆಯನ್ನು ಹಿಂದಿರುಗಿಸಲು ಬಂದಿದ್ದರು. ತಟ್ಟೆ ಖಾಲಿಯಿರಲಿಲ್ಲ.

"ಖಾಲಿ ತಾಟು ಕೊಡಬಾರದಲ್ರೀ. ನಮ್ಮನ್ಯಾಗ ರಾಗಿ ಇಲ್ಲ ಅಕ್ಕಾರ, ಜೋಳ ಐತಿ. ಒಂದು ಹಿಡಿ ತಂದೀನಿ. ಮೊಳೀತಂದ್ರ ಹೇಳ್ರಿ."

ಅವರು ಹೋದ ಮೇಲೆ ಸಹಾಯಮೇರಿ ಆ ಜೋಳದಲ್ಲಿ ಬೆರಳಾಡಿಸುತ್ತ ದಿನ ಎಣಿಸಿದಳು. ಒಳಕೋಣೆಯಿಂದ ಗೊರಕೆ ಕೇಳುತ್ತಿತ್ತು. ಮೂವರು ರಾಜರ ಹಬ್ಬಕ್ಕೆ ಇನ್ನು ಹನ್ನೆರಡು ದಿನ. ಗೋದಲಿ ಅಲ್ಲಿಯವರೆಗೆ ಇರುತ್ತದೆ. ರಾಗಿ ಪೈರಿಗೂ ಬೇಕಾದದ್ದು ಸರಿಯಾಗಿ ಹನ್ನೆರಡು ದಿನ.

ಅವಳು ಅಕ್ಕಿಯನ್ನು ಡಬ್ಬಿಗೆ ವಾಪಸ್ಸು ಸುರಿದಳು. ಉದ್ದನ್ನೂ ಸುರಿದಳು. ಹಿತ್ತಲಿನ ದಾಸವಾಳದ ಕುಂಡದಿಂದ ಮಣ್ಣು ತಂದು, ಇನ್ನೂ ಸ್ಟಿಕ್ಕರು ಅಂಟಿದ್ದ ಇಡ್ಲಿ ತಟ್ಟೆಗಳ ಒಂದೊಂದು ಗುಳಿಗೂ ತುಂಬಿದಳು. ಮೂವತ್ತಾರು ಗುಳಿ. ಕೆಲವಕ್ಕೆ ತನ್ನ ಡಬ್ಬಿಯ ರಾಗಿ, ಕೆಲವಕ್ಕೆ ಮಹಡಿಯ ಜೋಳ. ಬೆರಳ ತುದಿಯಿಂದ ನೀರು ಚಿಮುಕಿಸಿದಾಗ ಆ ವಾಸನೆ ಎದ್ದಿತು. ಪಾತ್ರೆಯ ಮುಚ್ಚಳ ಮುಚ್ಚಿದಳು. ಮಂಚದ ಕೆಳಗಿನಷ್ಟೇ ಕತ್ತಲು ಒಳಗೆ. ಹದಿನಾಲ್ಕು ಜನಕ್ಕೆ ತಿಂಡಿ? ರಸ್ತೆ ತಿರುವಿನಲ್ಲಿ ಹೋಟೆಲ್ಲಿದೆ, ಇನ್ನಾಸಪ್ಪನವರಿಗೆ ಸ್ಕೂಟರಿದೆ.

ಅಭ್ಯಾಸಬಲದಿಂದ ಅವಳು ಗೋದಲಿಯ ಹತ್ತಿರ ಹೋಗಿ ಒಂದು ಹುಲ್ಲುಕಡ್ಡಿ ಎತ್ತಿಕೊಂಡಳು, ಕೆಂಪು ದಾರಕ್ಕೆ ಕೈಹಾಕಿದಳು. ಆಮೇಲೆ ಕಡ್ಡಿಯನ್ನು ಹೊರೆಯಲ್ಲೇ ಬಿಟ್ಟು, ದಾರದ ಉಂಡೆಯನ್ನು ಹೊಲಿಗೆ ಡಬ್ಬಿಗೆ ಹಾಕಿ ಮುಚ್ಚಿದಳು. ಬೆತ್ತದ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂತು, ಎರಡೂ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡಳು.