ಒದ್ದೆ ಚೆಂಡೂ ಅಳಿಯನ ರಜೆಯೂ

ಅಬುಧಾಬಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಕಲಿಸಲು ಹೊರಟವನಿಗೆ ಎದುರಾಳಿ ತಂಡ ಬೇರೆ ಬೇಕಿಲ್ಲ, ಇಲ್ಲಿನ ಹವೆಯೇ ಸಾಕು. ಈ ಆಟದಲ್ಲಿ ಚೆಂಡನ್ನು ಎಸೆಯಬೇಕೋ, ಪಕ್ಕದವನ ಕೈಗಿತ್ತು ಓಡಿಸಬೇಕೋ ಎಂದು ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ನಮ್ಮ ಹವ್ಯಾಸಿ ತಂಡದಲ್ಲಿ ಆ ಜವಾಬ್ದಾರಿ ಒಬ್ಬ ಬ್ಯಾರಿ ಯುವಕನದು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮಾವನ ಮೊಬೈಲ್ ಅಂಗಡಿಯಲ್ಲೇ ಕೆಲಸ; ಶನಿವಾರ ಆಟಕ್ಕೆ ಬರುವುದು ಮಾವ ರಜೆ ಕೊಟ್ಟರೆ ಮಾತ್ರ. ತೋಳಿನಲ್ಲಿ ಬಲವುಂಟು, ತಾಳ್ಮೆಯಿಲ್ಲ.

೧. ಬೆವರಿದ ಚೆಂಡು

ಆಗಸ್ಟಿನ ಒಂದು ಸಂಜೆ. ಚೆಂಡು ತಂಪಾಗಿರಲಿ ಎಂದು ದಾರಿಯುದ್ದಕ್ಕೂ ಕಾರಿನ ಏಸಿಗೆ ಹಿಡಿದು ತಂದಿದ್ದ. ಹೊರಗೆ ತೆಗೆದದ್ದೇ ತಡ, ನನ್ನ ಕನ್ನಡಕದ ಹಾಗೆ ಅದರ ಮೇಲೂ ನೀರು ಕೂತಿತು. ಮೊದಲ ಎಸೆತವೇ ಸೋಪಿನಂತೆ ಜಾರಿ ಅವನ ಕಾಲಬುಡದಲ್ಲಿ ಬಿತ್ತು.

"ಸಾರ್, ಚೆಂಡು ಬೆವರ್ತಾ ಉಂಟು!"

"ಚೆಂಡಾದರೂ ಬೆವರಿತಲ್ಲ. ನೀನು ಯಾವಾಗ? ಮೈದಾನಕ್ಕೆ ಎರಡು ಸುತ್ತು, ಯಲ್ಲಾ, ಹೊರಡು!"

೨. ಧೂಳುಗಾಳಿ

ಎದುರುಗಾಳಿಯಿದ್ದಾಗ ಚೆಂಡನ್ನು ತಗ್ಗಿಸಿ, ಹತ್ತಿರದವನಿಗೆ ಎಸೆಯಬೇಕು. ಎಷ್ಟು ಸಲ ಹೇಳಿದ್ದೆನೋ. ಅಭ್ಯಾಸದ ದಿನ ಗಾಳಿ ಎದ್ದಿತು, ಇವನು ಆಕಾಶಕ್ಕೇ ಗುರಿಯಿಟ್ಟ. ಚೆಂಡು ಮೇಲೇರಿತು, ಸ್ವಲ್ಪ ಯೋಚಿಸಿತು, ಹಿಂತಿರುಗಿತು. ಅವನೇ ಹಿಡಿದ.

"ಸಾರ್, ಪಾಸ್ ಕಂಪ್ಲೀಟ್!"

"ಕಳಿಸಿದವನಿಗೇ ವಾಪಸ್ ಬಂದದ್ದು ಪಾಸ್ ಅಲ್ಲಪ್ಪ, ವಿಳಾಸ ತಪ್ಪಿದ ಪಾರ್ಸೆಲ್."

೩. ಮಾವ ಬಂದ ದಿನ

"ಪ್ರತಿ ವಾರ ರಜೆ ಕೇಳ್ತಾನೆ. ಅಲ್ಲಿ ಎಂತ ಮಾಡ್ತಾನೆಂದು ನೋಡಿಯೇ ಇನ್ನು ರಜೆಯ ಮಾತು" ಎಂದು ಮಾವ ಫೈನಲ್ ಪಂದ್ಯಕ್ಕೇ ಬಂದು ಕೂತರು. ಅಂದೇ ಮಳೆ ಹನಿಯಬೇಕೆ!

"ಚೆಂಡು ಒದ್ದೆ. ಎಸೆತ ಮಾಫಿ, ಒಂದೂ ಬೇಡ. ಪ್ರತಿ ಸಲವೂ ಕೈಗೆ ಕೊಟ್ಟು ಓಡಿಸು" ಎಂದೆ.

"ಒಂದೇ ಒಂದು ಸಾರ್! ಮಾವ ನೋಡ್ತಾ ಇದ್ದಾರೆ."

"ಜಾರಿ ಎದುರಾಳಿಗೆ ಸಿಕ್ಕರೆ ಅದನ್ನೂ ಮಾವನೇ ನೋಡುವುದು."

ಹಲ್ಲು ಕಚ್ಚಿಕೊಂಡು ಮಾತು ಕೇಳಿದ. ಕೊನೆಯವರೆಗೂ ಒಂದೂ ಎಸೆಯಲಿಲ್ಲ. ಎದುರು ತಂಡದವರು ಎಸೆದೆಸೆದು ಜಾರಿಸಿಕೊಂಡರು. ಕಪ್ ನಮಗೆ ಬಂತು.

ಮಾವ ಒದ್ದೆ ಟೊಪ್ಪಿ ಹಿಂಡುತ್ತಾ ನನ್ನ ಬಳಿ ಬಂದರು. ಹಿಂದೆಯೇ ಅಳಿಯ.

"ಸಾರ್, ಇವನು ಬಂದದ್ದನ್ನೆಲ್ಲ ಪಕ್ಕದವನ ಕೈಗೆ ಕೊಟ್ಟು ಸುಮ್ಮನೆ ನಿಂತನಲ್ಲ?"

"ಈ ಹವೆಗೆ ಅದೇ ಸರಿಯಾದ ತೀರ್ಮಾನ. ಗೆದ್ದದ್ದೂ ಅದರಿಂದಲೇ."

ಮಾವ ಕಪ್ಪನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

"ಅಂಗಡಿಯಲ್ಲೂ ಇವನದು ಇದೇ ಆಟ ಸಾರ್. ಬಂದ ಗಿರಾಕಿಯನ್ನು ಪಕ್ಕದವನಿಗೆ ಒಪ್ಪಿಸಿ ನಿಲ್ಲುವುದು. ಅಲ್ಲಿ ಅದಕ್ಕೆ ನಾನು ಸಂಬಳ ಕೊಡಬೇಕು, ಇಲ್ಲಿ ನೀವು ಕಪ್ ಕೊಡ್ತೀರಿ. ಶನಿವಾರ ಮಾತ್ರ ಯಾಕೆ ಮಾರಾಯ್ರೆ, ವಾರವಿಡೀ ಇಟ್ಟುಕೊಳ್ಳಿ!"