ಮರಕ್ಕೆ ಬಿದ್ದ ಗುರುತು

“ಯಾವನೋ ಪಾಪಿ ಮರಕ್ಕೆ ಗುರುತು ಹಾಕಿ ಹೋಗಿದಾನೆ ಕಣ್ರೀ! ಇವತ್ತು ಗುರುತು, ನಾಳೆ ಗರಗಸ!”

ನಿವೃತ್ತ ಮೇಷ್ಟ್ರ ಈ ಕೂಗು ಕಿವಿಗೆ ಬಿದ್ದಾಗ ಟೈಲರ್ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ತಪ್ಪಿತು. ಆ ಪಾಪಿ ಬೇರೆ ಯಾರೂ ಅಲ್ಲ, ಅವನೇ.

ಅಂಗಡಿ ಮುಂದಿನ ಮರದ ಒಂದು ಕೊಂಬೆ ಮಷಿನ್ನಿನ ಮೇಲೆ ಬೀಳುವ ಬೆಳಕನ್ನೆಲ್ಲ ನುಂಗುತ್ತಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದೆ ಮೊನ್ನೆ ಯಾರದೋ ಕೋಟಿನ ಜೇಬಿನ ಬಾಯನ್ನೇ ಹೊಲಿದುಬಿಟ್ಟಿದ್ದ. ಹೀಗೇ ಆದರೆ ಅಂಗಡಿಗೆ ಗಿರಾಕಿ ಬಂದ ಹಾಗೇ! ಕೊಂಬೆ ಸವರುವವನಿಗೆ ಹೇಳಿಕಳಿಸಿದ್ದ. ಆದರೆ ಗೀಟು ಎಳೆಯದೆ ಕತ್ತರಿ ಆಡಿಸಿದ ಜನ್ಮವಲ್ಲ ಅವನದು. ನಿನ್ನೆ ಸಂಜೆ ಸ್ಟೂಲು ಹತ್ತಿ, ಕೊಂಬೆ ಕವಲೊಡೆಯುವ ಕಡೆ ಬಟ್ಟೆಗೆ ಹಾಕುವ ಸೀಮೆಸುಣ್ಣದಿಂದಲೇ ನೀಟಾಗಿ ಒಂದು ಕತ್ತರಿ ಗುರುತು ಎಳೆದಿದ್ದ.

ರಸ್ತೆ ಅಗಲ ಮಾಡುವ ಸುದ್ದಿ ಹುಟ್ಟಿದಾಗಿನಿಂದ ಬೀದಿ ಮರದ ಕಡೆ, ರಸ್ತೆಯ ಕಡೆ ಎಂದು ಎರಡು ಹೋಳಾಗಿ ಕಾದು ಕೂತಿತ್ತು. ಸೀಮೆಸುಣ್ಣದ ಗೀಟೇ ಕಿಡಿಯಾಯಿತು.

“ಮೇಷ್ಟ್ರೇ, ಅದು ನಾನು...”

“ಗೊತ್ತಪ್ಪಾ, ನೀನು ಮರದ ಕಡೆ ಅಂತ. ಮೊದ್ಲು ನಮಗೊಂದು ಬ್ಯಾನರ್ ಹೊಲಿ.”

ಅಷ್ಟರಲ್ಲಿ ಕೊಂಬೆ ಸವರುವವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಜನರನ್ನು ನೋಡಿದವನೇ ಗರಗಸವನ್ನು ಅಂಗಿಯ ಬೆನ್ನೊಳಗೆ ಇಳಿಸಿಕೊಂಡು, ಕವಾಯತಿನ ಸಿಪಾಯಿಯ ಹಾಗೆ ನೆಟ್ಟಗೆ ಬಂದ ದಾರಿ ಹಿಡಿದ.

ಬ್ಯಾನರಿನ ಅಂಚು ಮಡಿಸುವ ಹೊತ್ತಿಗೆ ಸುದ್ದಿ ಹುಡುಕಿ ಬಂದ ಟಿವಿಯ ಹುಡುಗಿ ಅವನ ಮೂತಿಗೆ ಮೈಕು ಹಿಡಿದಳು. “ಇಷ್ಟು ವರ್ಷದಿಂದ ಈ ಮರದ ಕೆಳಗೇ ಕೂತಿದೀರ. ಏನನ್ಸತ್ತೆ ಸರ್?”

“ಕತ್ತಲೆ ಅನ್ಸತ್ತಮ್ಮ.”

“ಕೇಳಿದ್ರಲ್ಲ ವೀಕ್ಷಕರೇ, ಈ ಮರ ಹೋದ್ರೆ ಬದುಕೇ ಕತ್ತಲೆಯಂತೆ!”

ಮರುಗಳಿಗೆಗೆ ಹೆಂಡತಿಯ ಫೋನು. “ಟಿವೀಲಿ ನೋಡ್ದೆ. ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆಯಲ್ರೀ! ಕೆಳಗೆ ‘ಟೈಲರ್’ ಅಂತ ಬೇರೆ ಬರ್ದಿದಾರೆ.”

ಮಧ್ಯಾಹ್ನಕ್ಕೆ ರಸ್ತೆಯ ಕಡೆಯವರೂ ಬಂದರು. ಮುಂದೆ ವಾರ್ಡಿನ ಸದಸ್ಯ. “ನಮಗೂ ಒಂದು ಬ್ಯಾನರ್ ಹೊಲಿಯಪ್ಪ. ಅವರದಕ್ಕಿಂತ ಒಂದು ಗೇಣು ಉದ್ದ ಇರ್ಲಿ,” ಎಂದವನು ಕ್ಯಾಮೆರಾ ಕಂಡೊಡನೆ ಎದೆ ಉಬ್ಬಿಸಿದ. “ಹೌದು, ಗುರುತು ಹಾಕಿಸಿದ್ದು ನಾನೇ! ಅಭಿವೃದ್ಧಿಗೆ ಯಾರಪ್ಪನ ಭಯ?”

ಟೈಲರನ ಒಂದು ಗೀಟಿಗೆ ಈಗ ಅಪ್ಪನೊಬ್ಬ ಹುಟ್ಟಿಕೊಂಡಿದ್ದ. ಅವನು ಒಂದೇ ಮಷಿನ್ನಿನಲ್ಲಿ ಎರಡೂ ಕಡೆಯವರ ಸಿಟ್ಟನ್ನು ಹೊಲಿಯತೊಡಗಿದ.

ಮೊದಲು ಘೋಷಣೆ, ಆಮೇಲೆ ಬೈಗಳ, ಆಮೇಲೆ ಕಲ್ಲು. ಪೋಲೀಸರು ಬಂದರು. ಬೀದಿಯ ಉಳಿದ ಅಂಗಡಿಗಳೆಲ್ಲ ಪಟಪಟನೆ ಮುಚ್ಚಿದವು. ಟೈಲರ್ ತಡೆಯಲಾರದೆ ಸ್ಟೂಲು ಹತ್ತಿ ಕೂಗಿಯೇಬಿಟ್ಟ: “ಹೊಡೆದಾಡಬೇಡ್ರಪ್ಪಾ! ಗುರುತು ಹಾಕಿದ್ದು ನಾನು!”

ಮೇಷ್ಟ್ರ ಕಣ್ಣು ತುಂಬಿತು. “ಶಾಂತಿಗೋಸ್ಕರ ಊರಿನ ಪಾಪಾನೆಲ್ಲ ತಲೆ ಮೇಲೆ ಹೊತ್ಕೋತಿದಾನೆ, ನೋಡಿ!”

ಸದಸ್ಯ ಕೆಂಡವಾದ. “ನನ್ನ ಗುರುತಿಗೆ ನೀನ್ಯಾವನಯ್ಯಾ ವಾರಸುದಾರ? ಇಳಿ ಕೆಳಗೆ!”

ಇಳಿದ. ಹೊಟ್ಟೆಗೆ ಅನ್ನವಿರಲಿ, ನೀರೂ ಬಿದ್ದಿರಲಿಲ್ಲ.

ಸಂಜೆಗೆ ಪಾಲಿಕೆಯ ದೊಡ್ಡ ಸಾಹೇಬರು ಸಂಧಾನಕ್ಕೆ ಬಂದರು. ತೆರೆದಿದ್ದದ್ದು ಟೈಲರನ ಅಂಗಡಿ ಒಂದೇ, ಅಲ್ಲೇ ಸಭೆ ಕೂತಿತು. ಬಟ್ಟೆ ಕತ್ತರಿಸುವ ಮೇಜಿನ ಈ ತುದಿಗೆ ಮೇಷ್ಟ್ರು, ಆ ತುದಿಗೆ ಸದಸ್ಯ. ಚಪ್ಪಲಿ ಮೇಜಿನಡಿ ಸಿಕ್ಕಿಹೋಗಿ, ಜಾಗ ಸಾಲದೆ, ಟೈಲರ್ ಬರಿಗಾಲಲ್ಲಿ ಹೊಸಿಲಾಚೆ ನಿಂತ.

“ಮರಾನೂ ಉಳೀಲಿ, ರಸ್ತೇನೂ ಅಗಲ ಆಗ್ಲಿ,” ಎಂದರು ಸಾಹೇಬರು. “ರಸ್ತೇನ ಮರದ ಈ ಪಕ್ಕದಿಂದ ತಿರುಗಿಸೋಣ. ಈ ಪಕ್ಕ ಏನಿದೆ?”

ಎಲ್ಲರೂ ಸುತ್ತ ಕಣ್ಣಾಡಿಸಿದರು. ಮಷಿನ್ನು, ಇಸ್ತ್ರಿ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಅಳತೆ ಟೇಪು.

“ಏನೂ ಇಲ್ಲ ಬಿಡಿ,” ಎಂದ ಸದಸ್ಯ.

“ಅಂಥಾದ್ದೇನಿಲ್ಲ,” ಎಂದರು ಮೇಷ್ಟ್ರು. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಮಾತು. ಕೈಕುಲುಕಿದರು, ಟಿವಿಯವರು ಕ್ಯಾಮೆರಾದ ಬೆಳಕು ಚೆಲ್ಲಿದರು, ಹೊರಗೆ ಎರಡೂ ಬ್ಯಾನರುಗಳು ಅಪ್ಪಿಕೊಂಡವು.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕೇಡು ಅನ್ನುತ್ತಾರೆ. ಇಲ್ಲಿ ಗಿಡ ಕ್ಷೇಮವಾಗಿತ್ತು, ಕೋಣಗಳೂ ಕ್ಷೇಮ.

“ಸ್ವಾಮೀ,” ಟೈಲರ್ ಹೊಸಿಲಾಚೆಯಿಂದ ಅಂದ, “ಈ ಪಕ್ಕ ನಾನಿದೀನಿ.”

ಮೇಷ್ಟ್ರು ಹೊರಗೆ ಬಂದು ಬೆನ್ನು ಸವರಿದರು. “ನೀನು ಇರಪ್ಪಾ, ನೂರು ಕಾಲ ಇರು. ಅಂಗಡಿ ಮಾತ್ರ ಹೋಗುತ್ತೆ.”

ಎಲ್ಲರೂ ಚದುರಿದ ಮೇಲೆ ಸಾಹೇಬರ ಕಡೆಯ ಪೇಂಟಿನವನು ಷಟರ್ ಎಳೆದು, ಅದರ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುರುತು ಬಳಿದ.

“ಒಳಗೆ ನನ್ನ ಚಪ್ಪಲಿ ಇದೆಯಲ್ಲಪ್ಪಾ.”

“ಒಣಗೋ ತನಕ ಷಟರ್ ಎತ್ತೋ ಹಾಗಿಲ್ಲ ಯಜಮಾನ್ರೇ, ಅಲ್ಲೇ ಕೂತಿರಿ.”

ಟೈಲರ್ ಮರಕ್ಕೆ ಒರಗಿ ಕೂತ. ಸಣ್ಣಗೆ ಗಾಳಿ ಬೀಸಿತು. ಮೇಲಿನಿಂದ ಒಂದು ಎಲೆ ತೇಲುತ್ತಾ ಬಂದು ಹಸಿ ಬಣ್ಣಕ್ಕೆ ಅಂಟಿಕೊಂಡಿತು. ಪೇಂಟಿನವನು ಲೊಚಗುಟ್ಟಿ ಅದನ್ನು ಕಿತ್ತೆಸೆದು, ಗುರುತಿನ ಮೇಲೆ ಮೊದಲಿಂದ ಇನ್ನೊಂದು ಕೈ ಬಣ್ಣ ಹಚ್ಚತೊಡಗಿದ.